ತಾರೀಖು ತಿದ್ದಿದ ಕೈಗೆ ಹನ್ನೆರಡು ವಾರದ ಪಾಠ

ನಾನು ದೇವತಾಶಾಸ್ತ್ರ ಓದಿದವಳಲ್ಲ. ಒಂದು ಕಾರ್ಖಾನೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಂಬಳದ ಪುಸ್ತಕ ಬರೆಯುತ್ತಿದ್ದೇನೆ. ಭಾನುವಾರದ ಆರಾಧನೆಗೆ ತಪ್ಪದೆ ಹೋಗುತ್ತೇನೆ. ಪ್ರಸಂಗ ಅರ್ಧ ಗಂಟೆ ದಾಟಿದರೆ ತೂಕಡಿಸುತ್ತೇನೆ. ಇಂಥವಳು ಕ್ರೈಸ್ತ ನೀತಿಶಾಸ್ತ್ರದ ಹನ್ನೆರಡು ವಾರದ ಆನ್‌ಲೈನ್ ಕೋರ್ಸಿಗೆ ಸೇರಿದ್ದೇಕೆ ಎಂದು ಮನೆಯವರೇ ಕೇಳಿದರು. ಕಾರಣ ಒಂದು ತಾರೀಖು.

ನಮ್ಮಲ್ಲಿ ಪ್ರತಿ ತಿಂಗಳ ಏಳಕ್ಕೆ ಸಂಬಳ ಆಗಬೇಕು. ಕಳೆದ ವರ್ಷದ ಕೊನೆಯ ಮೂರು ತಿಂಗಳು ಕೆಲಸಗಾರರ ಕೈಗೆ ಹಣ ಸೇರಿದ್ದು ಹತ್ತೊಂಬತ್ತಕ್ಕೆ, ಇಪ್ಪತ್ತೊಂದಕ್ಕೆ, ಮತ್ತೆ ಹತ್ತೊಂಬತ್ತಕ್ಕೆ. ಪುಸ್ತಕದಲ್ಲಿ ಮಾತ್ರ ಏಳು ಎಂದೇ ಇರಬೇಕು ಎಂದು ಮಾಲೀಕರ ಅಪ್ಪಣೆಯಾಯಿತು. "ಹಣ ಹೇಗೂ ಕೊಡುತ್ತೇವಲ್ಲ ಅಮ್ಮಾ, ಯಾರಿಗೇನು ನಷ್ಟ?" ಎಂದರು. ಬರೆದೆ. ಮೊದಲ ತಿಂಗಳು ಕೈ ನಡುಗಿತು. ಎರಡನೆಯ ತಿಂಗಳು ನಡುಗಲಿಲ್ಲ. ಮೂರನೆಯ ತಿಂಗಳು ಅವರು ಬಂದು ಹೇಳುವ ಮೊದಲೇ ನಾನು ಏಳು ಎಂದು ಬರೆದು ಪುಸ್ತಕ ಮುಚ್ಚಿಟ್ಟಿದ್ದೆ. ಆಗ ನನಗೆ ನನ್ನ ಮೇಲೇ ಹೆದರಿಕೆಯಾಯಿತು. ಯಾರನ್ನಾದರೂ ಕೇಳೋಣವೆಂದರೆ ಮಾಲೀಕರು ನಮ್ಮ ಸಭೆಯ (ಚರ್ಚಿನ) ಖಜಾಂಚಿಗಳು. ಸಭಾಪಾಲಕರ ಮುಂದೆ ಬಾಯಿ ಬಿಡುವುದು ಹೇಗೆ? ಗುರುತು ಪರಿಚಯ ಇಲ್ಲದವರನ್ನು ಕೇಳುವುದೇ ವಾಸಿ ಎನಿಸಿತು. ಹಾಗೆ ಹುಡುಕುವಾಗ ಸಿಕ್ಕಿದ್ದು ಈ ಕೋರ್ಸು. ನಡೆಸುವವರ ಹೆಸರು ಬರೆಯುವುದಿಲ್ಲ. ಹೊಗಳುವುದೂ ಇದೆ, ಜಗಳವಾಡುವುದೂ ಇದೆ. ಇಂಥ ಕೋರ್ಸಿಗೆ ಸೇರುವ ಮನಸ್ಸಿದ್ದವರಿಗೆ ಏನನ್ನು ನೋಡಿ ಸೇರಬೇಕೆಂದು ತಿಳಿದರೆ ಸಾಕು.

ವಾರಕ್ಕೆ ನಲವತ್ತು ನಿಮಿಷದ ಒಂದು ವಿಡಿಯೊ ಪಾಠ, ಓದಬೇಕಾದ ಅಧ್ಯಾಯಗಳ ಪಟ್ಟಿ, ಗುರುವಾರ ರಾತ್ರಿ ಒಂದೂವರೆ ಗಂಟೆ ಮುಖಾಮುಖಿ ಚರ್ಚೆ. ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ. ಇಬ್ಬರು ಬೋಧಕರು: ಒಬ್ಬರು ಇಬ್ರಿಯ (ಹೀಬ್ರೂ) ಭಾಷೆ ಬಲ್ಲ ವಯಸ್ಸಾದ ಮೇಷ್ಟರು, ಇನ್ನೊಬ್ಬರು ಮೊದಲು ದಾದಿಯಾಗಿದ್ದು ಆಮೇಲೆ ದೇವತಾಶಾಸ್ತ್ರ ಕಲಿತ ಮಹಿಳೆ. ಪ್ರತಿಯೊಬ್ಬರೂ ತಮ್ಮ ಬದುಕಿನ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಬಹುದು, ಅದಕ್ಕೆ ಲಿಖಿತ ಉತ್ತರ ಬರುತ್ತದೆ ಎಂಬ ಮಾತು ನೋಂದಣಿಯ ಪುಟದಲ್ಲೇ ಇತ್ತು. ನಾನು ಸೇರಿದ್ದೇ ಆ ಸಾಲನ್ನು ಓದಿ.

ಮೊದಲ ವಾರ ದಶಾಜ್ಞೆಗಳಿಂದ ಶುರು ಮಾಡುತ್ತಾರೆ ಎಂದುಕೊಂಡಿದ್ದೆ. ಮೇಷ್ಟರು ಶುರು ಮಾಡಿದ್ದು ಮಾಳಿಗೆಯಿಂದ. ಸತ್ಯವೇದದ (ಬೈಬಲಿನ) ಧರ್ಮೋಪದೇಶಕಾಂಡ 22ನೆಯ ಅಧ್ಯಾಯದ 8ನೆಯ ವಚನ: ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಗೋಡೆ ಕಟ್ಟಿಸು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಅಪರಾಧ ನಿನ್ನ ಮನೆಯ ಮೇಲೆ ಬರುತ್ತದೆ. ಅಂದಿನ ಇಸ್ರಾಯೇಲ್ಯರ ಮನೆಗಳ ಮಾಳಿಗೆ ಸಮತಟ್ಟು. ಜನ ಅಲ್ಲಿ ಕೂರುತ್ತಿದ್ದರು, ಮಲಗುತ್ತಿದ್ದರು, ನಾರು ಒಣಗಿಸುತ್ತಿದ್ದರು. ಯೆರಿಕೋ ಪಟ್ಟಣದ ರಾಹಾಬಳು ಇಸ್ರಾಯೇಲ್ಯರ ಬೇಹುಗಾರರನ್ನು ಅಡಗಿಸಿದ್ದೂ ಮಾಳಿಗೆಯ ಮೇಲೆ ಹರಡಿದ್ದ ಅಗಸೆನಾರಿನ ದಂಟುಗಳ ಅಡಿಯಲ್ಲಿ. "ನಿಮ್ಮ ಮನೆಗೆ ಇಳಿಜಾರು ಹೆಂಚಿನ ಸೂರು ಇದ್ದರೆ ಈ ಆಜ್ಞೆ ನಿಮಗೆ ಅನ್ವಯಿಸುವುದೇ?" ಎಂದು ಕೇಳಿ ಮೇಷ್ಟರು ಸುಮ್ಮನೆ ಕೂತರು. ಪರದೆಯ ಮೇಲೆ ಚೌಕ ಚೌಕಗಳಲ್ಲಿ ಪೆಚ್ಚು ಮುಖಗಳು. ಕೊನೆಗೆ ಲಾರಿ ಓಡಿಸುವ ಒಬ್ಬರು, "ನನ್ನ ಗಾಡಿಯ ಬ್ರೇಕು ನನ್ನ ಮಾಳಿಗೆಯ ಗೋಡೆ" ಎಂದರು. ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ಅವರು ಶಭಾಷ್ ಹೇಳುವ ರೀತಿ ಎಂದು ನಮಗೆ ಗೊತ್ತಾಗಲು ಇನ್ನೂ ನಾಲ್ಕು ವಾರ ಬೇಕಾಯಿತು.

ಇದೇ ದಾರಿಯಲ್ಲಿ ಮೊದಲ ಮೂರು ವಾರ ನಡೆಯಿತು, ಮತ್ತು ಕೋರ್ಸಿನ ಅತ್ಯುತ್ತಮ ಭಾಗ ಇದೇ. ಹಳೆಯ ಆಜ್ಞೆಯೊಂದನ್ನು ಹೊಸ ಪ್ರಶ್ನೆಗೆ ಹೇಗೆ ಹಚ್ಚಬೇಕು ಎನ್ನುವುದಕ್ಕೆ ಅವರು ಹೊರಗಿನ ಸಿದ್ಧಾಂತ ತರಲಿಲ್ಲ, ಸತ್ಯವೇದವೇ ಅದನ್ನು ಹೇಗೆ ಮಾಡಿದೆ ಎಂದು ತೋರಿಸಿದರು. ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕಬಾರದು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಮೊದಲ ಶತಮಾನದ ಸುವಾರ್ತಿಕ ಪೌಲನು ಅದನ್ನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಎತ್ತಿಕೊಂಡು, ಸುವಾರ್ತೆಗಾಗಿ ದುಡಿಯುವವರಿಗೆ ಅದರಿಂದಲೇ ಜೀವನ ಸಾಗಬೇಕು ಎಂಬಲ್ಲಿಗೆ ತರುತ್ತಾನೆ. ಎತ್ತಿನಿಂದ ಮನುಷ್ಯನಿಗೆ! ಇನ್ನೊಂದು ಉದಾಹರಣೆ ನನಗೆ ಪೂರ್ತಿ ಹೊಸದು. ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಗಂಡುಮಕ್ಕಳಿಲ್ಲದೆ ಸತ್ತ ಒಬ್ಬನ ಐದು ಹೆಣ್ಣುಮಕ್ಕಳು ಇಸ್ರಾಯೇಲ್ಯರ ನಾಯಕ ಮೋಶೆಯ ಎದುರು, ಯಾಜಕನ ಎದುರು, ಇಡೀ ಜನಸಮೂಹದ ಎದುರು ನಿಂತು, ನಮ್ಮ ತಂದೆಯ ಹೆಸರು ಏಕೆ ಅಳಿಯಬೇಕು, ನಮಗೂ ಸ್ವಾಸ್ತ್ಯ ಕೊಡಿ ಎಂದು ಕೇಳುತ್ತಾರೆ. ಮೋಶೆಯ ಬಳಿ ಸಿದ್ಧ ಉತ್ತರ ಇರಲಿಲ್ಲ. ಅವನು ದೇವರ ಸನ್ನಿಧಿಗೆ ಪ್ರಶ್ನೆಯನ್ನು ಒಯ್ದ, ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯವೇ ಎಂಬ ಉತ್ತರ ಬಂತು, ನಿಯಮವೇ ಬದಲಾಯಿತು. ಮುಂದೆ 36ನೆಯ ಅಧ್ಯಾಯದಲ್ಲಿ ಕುಲದ ಹಿರಿಯರು ತಕರಾರು ತೆಗೆದಾಗ ಅದಕ್ಕೆ ಇನ್ನೊಂದು ತಿದ್ದುಪಡಿಯೂ ಸೇರಿತು. ಐವತ್ತು ವರ್ಷ ಸಭೆಗೆ ಹೋದವಳು ನಾನು, ಈ ಐವರ ಬಗ್ಗೆ ಒಂದು ಪ್ರಸಂಗವನ್ನೂ ಕೇಳಿಲ್ಲ. (ಬಹುಶಃ ತೂಕಡಿಸಿದ ದಿನ ಹೇಳಿರಬಹುದು.)

ಕೈಪಿಡಿಯ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. 212 ಪುಟ, ಅಚ್ಚು ಚೆನ್ನಾಗಿದೆ, ಭಾಷೆ ಕಬ್ಬಿಣದ ಕಡಲೆ. "ನೈತಿಕ ಕರ್ತೃತ್ವದ ಸಾಂದರ್ಭಿಕ ನಿರ್ಣಯಶೀಲತೆ" ಎಂಬ ಪದಪುಂಜವನ್ನು ಮೂರು ಸಲ ಓದಿದೆ. ಗುಂಪಿನಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ ಎಂದು ತಿಳಿದ ಮೇಲೆ ಸಮಾಧಾನವಾಯಿತು. ಇದಕ್ಕಿಂತ ದೊಡ್ಡ ದೂರು ಕೊನೆಯ ಒಂಬತ್ತು ಪುಟಗಳ ಮೇಲೆ. ಅಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ವಚನ. ಸಾಲ? ಈ ವಚನ. ಕೋಪ? ಆ ವಚನ. ಔಷಧದ ಅಂಗಡಿಯ ಪಟ್ಟಿಯ ಹಾಗೆ. "ವಾದಕ್ಕೆ ಬರುವವರೊಡನೆ" ಎಂಬ ಸಾಲಿಗೆ ಜ್ಞಾನೋಕ್ತಿ 26:4 ಎಂದು ಕೊಟ್ಟಿದ್ದಾರೆ: ಮೂಢನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ, ಕೊಟ್ಟರೆ ನೀನೂ ಅವನಂತೆಯೇ ಆದೀಯೆ. ಸರಿ. ಆದರೆ ಅದರ ಮುಂದಿನ ವಚನವೇ, ಮೂಢನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡು, ಇಲ್ಲದಿದ್ದರೆ ಅವನು ತನ್ನನ್ನು ಜ್ಞಾನಿಯೆಂದುಕೊಂಡಾನು ಎನ್ನುತ್ತದೆ! ಆ ಎರಡನ್ನೂ ಒಂದರ ಕೆಳಗೊಂದು ಜೋಡಿಸಿದವನು ಕಣ್ಣು ಮುಚ್ಚಿಕೊಂಡು ಜೋಡಿಸಿರಲಿಕ್ಕಿಲ್ಲ. ಯಾರೊಡನೆ, ಯಾವಾಗ ಎಂದು ನೋಡಿಕೊಳ್ಳುವ ಕೆಲಸವನ್ನು ಓದುವವನಿಗೆ ಬಿಟ್ಟಿದ್ದಾನೆ. ಪಟ್ಟಿ ಮಾಡಿದವರು ಆ ಕೆಲಸವನ್ನೇ ಕಸಿದುಕೊಂಡಿದ್ದಾರೆ. ಮೇಷ್ಟರಿಗೆ ಇದನ್ನು ತೋರಿಸಿದಾಗ, "ಆ ಪುಟಗಳನ್ನು ನಾನು ಬರೆದಿಲ್ಲ" ಎಂದು ಮಾತ್ರ ಹೇಳಿದರು. ಹಾಗಾದರೆ ತೆಗೆಸಬೇಕಿತ್ತು ಸ್ವಾಮಿ.

ಯಾಜಕಕಾಂಡದ 19ನೆಯ ಅಧ್ಯಾಯಕ್ಕೆ ಒಂದು ಇಡೀ ಗುರುವಾರ ಕೊಟ್ಟರು. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು ಎಂಬುದು 18ನೆಯ ವಚನ. ಎರಡು ಬಗೆಯ ನೂಲಿನ ಬಟ್ಟೆ ಹಾಕಬಾರದು ಎಂಬುದು 19ನೆಯದು. ಮೊದಲನೆಯದನ್ನು ಗೋಡೆಗೆ ತೂಗುಹಾಕುತ್ತೇವೆ, ಎರಡನೆಯದನ್ನು ಯಾರೂ ಕೇಳುವುದಿಲ್ಲ. ಏಕೆ? ಧರ್ಮಶಾಸ್ತ್ರವನ್ನು ನೀತಿ, ಆಚರಣೆ, ರಾಜ್ಯಾಡಳಿತ ಎಂದು ಮೂರಾಗಿ ವಿಂಗಡಿಸುವ ಹಳೆಯ ಪದ್ಧತಿಯೊಂದಿದೆ. 13ನೆಯ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಅದನ್ನು ವಿವರವಾಗಿ ಬಿಡಿಸಿದ, ಇಂಗ್ಲೆಂಡಿನ ಪ್ರಾಟೆಸ್ಟಂಟರ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣವೂ ಅದನ್ನೇ ಹಿಡಿಯಿತು. ಮೊದಲನೆಯದು ಎಂದಿಗೂ ಸಲ್ಲುತ್ತದೆ, ಉಳಿದೆರಡು ಕ್ರಿಸ್ತನಲ್ಲಿ ಮುಗಿದವು ಅಥವಾ ಆ ರಾಜ್ಯದೊಂದಿಗೆ ಹೋದವು ಎಂಬ ಲೆಕ್ಕ. ಅನುಕೂಲವೇನೋ ಹೌದು. ಆದರೆ ಆ ಅಧ್ಯಾಯದ ಒಳಗೇ ಕೂತು ನೋಡಿದರೆ ಗೆರೆ ಎಲ್ಲಿ ಎಳೆಯುವುದು? ಹೊಲದ ಅಂಚನ್ನು ಕೊಯ್ಯದೆ ಬಡವರಿಗೆ ಬಿಡು ಎಂಬುದು ನೀತಿಯೋ ಆಡಳಿತವೋ? ದಾದಿ ಬೋಧಕಿ ಮೂರು ಬಣ್ಣದ ಪೆನ್ಸಿಲ್ ಕೊಟ್ಟು ಗುರುತು ಹಾಕಿ ಎಂದಿದ್ದರು. ನನ್ನ ಪುಟ ಮಗುವಿನ ಚಿತ್ರದ ಪುಸ್ತಕದಂತಾಯಿತು. ಆ ಗುರುವಾರ 13ನೆಯ ವಚನದ ಮೇಲೂ ನನ್ನ ಪೆನ್ಸಿಲ್ ಓಡಿತ್ತು: ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ನಿನ್ನ ಬಳಿ ಇಟ್ಟುಕೊಳ್ಳಬೇಡ. ನೀಲಿ ಬಣ್ಣ ಬಳಿದು ಮುಂದೆ ಹೋದೆ. ನಾನು ಆಗ ಕಾಯುತ್ತಿದ್ದದ್ದು ಸುಳ್ಳಿನ ವಾರಕ್ಕಾಗಿ.

ಸುಳ್ಳಿನ ವಾರ ಐದನೆಯದು. ಅದಕ್ಕೆ ನಾನು ಹೊಸ ನೋಟ್‌ಬುಕ್ ತೆಗೆದಿದ್ದೆ. ವಿಮೋಚನಕಾಂಡದ ಸೂಲಗಿತ್ತಿಯರಿಂದ ಪಾಠ ಶುರು: ಗಂಡುಮಗು ಹುಟ್ಟಿದರೆ ಕೊಲ್ಲಿ ಎಂದು ಐಗುಪ್ತದ ದೊರೆ ಫರೋಹ ಹೇಳಿದರೆ, ಇಬ್ರಿಯ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗುವಷ್ಟರಲ್ಲೇ ಹೆತ್ತಿರುತ್ತಾರೆ ಎಂದು ಅವರು ಅವನ ಮುಖಕ್ಕೇ ಹೇಳಿದರು. ದೇವರು ಅವರಿಗೆ ಒಳ್ಳೆಯದು ಮಾಡಿದನು ಎಂದು ಬರೆದಿದೆ. ಹಾಗಾದರೆ ಸುಳ್ಳು ಸರಿಯೇ? ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಒಪ್ಪುವುದಿಲ್ಲ. ಸುಮಾರು 395ರಲ್ಲೊಮ್ಮೆ, ಮತ್ತೆ 420ರ ಹೊತ್ತಿಗೊಮ್ಮೆ ಸುಳ್ಳಿನ ಮೇಲೆ ಪ್ರತ್ಯೇಕ ಗ್ರಂಥ ಬರೆದ ಮನುಷ್ಯ ಅವನು. ಅವನ ಪ್ರಕಾರ ದೇವರು ಮೆಚ್ಚಿದ್ದು ಅವರ ಕರುಣೆಯನ್ನು, ಸುಳ್ಳನ್ನಲ್ಲ. ಅಕ್ವಿನಾಸ್ ಸುಳ್ಳನ್ನು ತಮಾಷೆಯದು, ಉಪಕಾರದ್ದು, ಕೇಡಿನದು ಎಂದು ಮೂರು ಮಾಡಿ, ಎಲ್ಲವೂ ಪಾಪವೇ, ತೂಕ ಮಾತ್ರ ಬೇರೆ ಎಂದ. ರಾಹಾಬಳ ವಿಷಯ ಇನ್ನೂ ಸೂಕ್ಷ್ಮ. ಇಬ್ರಿಯರಿಗೆ ಬರೆದ ಪತ್ರವೂ ಯಾಕೋಬನ ಪತ್ರವೂ ಅವಳನ್ನು ಹೊಗಳುತ್ತವೆ, ಬೇಹುಗಾರರನ್ನು ಬರಮಾಡಿಕೊಂಡದ್ದಕ್ಕೆ, ಬೇರೆ ದಾರಿಯಿಂದ ಕಳುಹಿಸಿದ್ದಕ್ಕೆ. ಬೇಹುಗಾರರು ಹೊರಟುಹೋದರೆಂದು ಅವಳು ರಾಜನ ಆಳುಗಳಿಗೆ ಆಡಿದ ಸುಳ್ಳಿನ ಬಗ್ಗೆ ಎರಡೂ ಪತ್ರಗಳದ್ದು ಮೌನ. ಮೇಷ್ಟರು ಆ ಮೌನದ ಮೇಲೆ ಹತ್ತು ನಿಮಿಷ ಮಾತನಾಡಿದರು.

ಆಮೇಲೆ ಬಾನ್‌ಹಾಫರ್. 1943ರ ಏಪ್ರಿಲ್‌ನಲ್ಲಿ ನಾಜಿಗಳು ಬಂಧಿಸಿದ, 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದ ಜರ್ಮನ್ ಪಾದ್ರಿ. ಸತ್ಯ ನುಡಿಯುವುದೆಂದರೇನು ಎಂದು ಸೆರೆಮನೆಯಲ್ಲಿ ಕೂತು ಬರೆಯಲು ಹೊರಟು, ಮುಗಿಸಲಾಗದೆ ಹೋದ ಬರಹವೊಂದು ಅವನದಿದೆ. ಅದರಲ್ಲೊಂದು ಉದಾಹರಣೆ. ಶಾಲೆಯ ಮೇಷ್ಟರು ಇಡೀ ತರಗತಿಯ ಎದುರು ಒಬ್ಬ ಹುಡುಗನನ್ನು, ನಿನ್ನ ಅಪ್ಪ ಕುಡಿದು ಮನೆಗೆ ಬರುತ್ತಾನಂತೆ, ಹೌದೇ ಎಂದು ಕೇಳುತ್ತಾರೆ. ಹೌದು, ಅದು ನಿಜ. ಹುಡುಗ ಮಾತ್ರ ಇಲ್ಲ ಎನ್ನುತ್ತಾನೆ. ಆ ಸುಳ್ಳಿನ ಹೊಣೆ ಕೇಳಬಾರದ್ದನ್ನು ಕೇಳಿದ ಮೇಷ್ಟರ ಮೇಲೇ ಬೀಳುತ್ತದೆ ಎನ್ನುತ್ತಾನೆ ಬಾನ್‌ಹಾಫರ್. ನಾನು ಭರಭರನೆ ಬರೆದುಕೊಳ್ಳುತ್ತಿದ್ದೆ. ನನಗೆ ಒಂದು ಪರವಾನಗಿ ಸಿಗುವ ವಾಸನೆ ಬಂದಿತ್ತು. ನನ್ನ ಮೇಲೂ ಮೇಲಿನವರ ಒತ್ತಡವಿದೆ, ನನ್ನದೂ ಉಪಕಾರದ ಸುಳ್ಳು, ಹೊಣೆ ಹೇಳಿಸಿದವರದು! ಅದೇ ರಾತ್ರಿ ನನ್ನ ಪ್ರಶ್ನೆಯನ್ನು ಬರೆದು ಕಳುಹಿಸಿದೆ: ತಾರೀಖು ತಿದ್ದುವುದು ಯಾವ ಬಗೆಯ ಸುಳ್ಳು, ಎಷ್ಟು ದೊಡ್ಡದು, ಇದಕ್ಕಾಗಿ ಕೆಲಸ ಬಿಡಬೇಕೇ?

ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ನಾಲ್ಕು ಸಾಲು. ಮೂರು ಸಾಲು ಪ್ರಾರ್ಥಿಸಿ ಎಂಬ ಸಲಹೆ, ಒಂದು ಸಾಲು ಕೈಪಿಡಿಯ ಆ ಔಷಧದ ಪಟ್ಟಿಯಿಂದ ಎತ್ತಿದ ವಚನ: ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ. ಯಾರು ಬರೆದರೋ, ಸಹಿ ಇರಲಿಲ್ಲ. ಈ ಸೇವೆಯನ್ನು ನಂಬಿ ಸೇರುವವರು ಇದನ್ನು ಗಮನಿಸಿ. ಪ್ರಶ್ನೆ ಕಳುಹಿಸುವ ಸೌಲಭ್ಯ ಎಂದು ಅವರು ಹೇಳಿಕೊಳ್ಳುವುದಕ್ಕೂ ಕೊಡುವುದಕ್ಕೂ ಅಜಗಜಾಂತರ.

ಸಿಟ್ಟಿನಲ್ಲಿ ಮುಂದಿನ ಗುರುವಾರ ಎಲ್ಲರೆದುರೇ ಕೇಳಿದೆ. ಮೇಷ್ಟರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ಒರೆಸಲಿಲ್ಲ.

"ಎಷ್ಟು ಜನ ಕೆಲಸಗಾರರು?"

"ನಲವತ್ತೊಂದು."

"ಏಳರಿಂದ ಹತ್ತೊಂಬತ್ತರವರೆಗೆ ಹನ್ನೆರಡು ದಿನ. ಆ ಹನ್ನೆರಡು ದಿನ ಅವರು ಏನು ಮಾಡಿದರು?"

ನನಗೆ ಗೊತ್ತಿರಲಿಲ್ಲ. ನಲವತ್ತೊಂದು ಜನರ ಹೆಸರು, ಸೇರಿದ ದಿನ, ರಜೆಯ ಬಾಕಿ, ಮುಂಗಡ ಎಲ್ಲ ಬಾಯಿಪಾಠ. ಆ ಹನ್ನೆರಡು ದಿನದ ಬಗ್ಗೆ ಒಬ್ಬರನ್ನೂ ನಾನು ಕೇಳಿರಲಿಲ್ಲ. ಮೇಷ್ಟರು ಬೇರೇನೂ ಹೇಳದೆ ಧರ್ಮೋಪದೇಶಕಾಂಡ 24ನೆಯ ಅಧ್ಯಾಯ ಓದಿಕೊಂಡು ಬನ್ನಿ, ಆದರೆ ಮೊದಲು ಅವರನ್ನು ಕೇಳಿ ಬನ್ನಿ ಎಂದರು.

ಕೇಳಿದೆ. ಎಲ್ಲರನ್ನೂ ಅಲ್ಲ, ಧೈರ್ಯ ಬಂದಷ್ಟು ಜನರನ್ನು. ಬಹುತೇಕರು ಕೈಸಾಲ ಮಾಡಿದ್ದರು. ಪ್ಯಾಕಿಂಗ್ ವಿಭಾಗದ ಒಬ್ಬಾಕೆ ಹೊಲಿಗೆ ಯಂತ್ರವನ್ನು ಅಡವಿಟ್ಟಿದ್ದಳು. ಕೆಲಸ ಮುಗಿಸಿ ಹೋಗಿ ಸಂಜೆ ಅದರಲ್ಲಿ ಅಕ್ಕಪಕ್ಕದವರ ಬಟ್ಟೆ ಹೊಲಿದು ನಾಲ್ಕು ಕಾಸು ಮಾಡಿಕೊಳ್ಳುವವಳು. ಸಂಬಳ ಬಂದ ಮೇಲೆ ಬಿಡಿಸಿಕೊಂಡಳಂತೆ. ಮುಂದಿನ ತಿಂಗಳು ಮತ್ತೆ ಇಟ್ಟಳಂತೆ. "ನಿಮಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ ಅಕ್ಕಾ, ಪುಸ್ತಕ ನಿಮ್ಮ ಹತ್ತಿರ ಇರುತ್ತದಲ್ಲ" ಎಂದಳು.

ಆ ರಾತ್ರಿ 24ನೆಯ ಅಧ್ಯಾಯ ಓದಿದೆ. 6ನೆಯ ವಚನ: ಬೀಸುವ ಕಲ್ಲನ್ನಾಗಲಿ ಅದರ ಮೇಲಿನ ಕಲ್ಲನ್ನಾಗಲಿ ಒತ್ತೆ ಇಟ್ಟುಕೊಳ್ಳಬಾರದು, ಅದು ಜೀವವನ್ನೇ ಒತ್ತೆ ಇಟ್ಟುಕೊಂಡಂತೆ. 10ರಿಂದ 13: ಒತ್ತೆ ತೆಗೆದುಕೊಳ್ಳಲು ಅವನ ಮನೆಯೊಳಕ್ಕೆ ನುಗ್ಗಬೇಡ, ಹೊರಗೆ ನಿಲ್ಲು, ಅವನು ಬಡವನಾದರೆ ಅವನ ಹೊದಿಕೆಯನ್ನು ಹೊತ್ತು ಮುಳುಗುವಾಗ ಹಿಂದಕ್ಕೆ ಕೊಡು. 14, 15: ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮೊದಲೇ ಕೊಡು, ಅವನು ಬಡವ, ಅದರ ಮೇಲೇ ಮನಸ್ಸಿಟ್ಟಿದ್ದಾನೆ, ಅವನು ನಿನ್ನ ವಿಷಯದಲ್ಲಿ ಯೆಹೋವನಿಗೆ ಮೊರೆಯಿಟ್ಟಾನು. ಈ ಮೂರನ್ನೂ ಒಂದೇ ಪುಟದಲ್ಲಿಟ್ಟವನಿಗೆ ನಮ್ಮ ಪ್ಯಾಕಿಂಗ್ ವಿಭಾಗ ಗೊತ್ತಿದ್ದಂತಿತ್ತು. ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಯಜಮಾನನು ಸಂಜೆಯಾಗುತ್ತಲೇ ಪಾರುಪತ್ಯಗಾರನನ್ನು ಕರೆದು ಕೂಲಿ ಕೊಡಿಸುವುದನ್ನು ಎಷ್ಟು ಸಲ ಕೇಳಿದ್ದೇನೆ; ಆ ಸಂಜೆ ಏಕೆ ಎಂದು ಯೋಚಿಸಿರಲಿಲ್ಲ. ಯಾಕೋಬನ 5ನೆಯ ಅಧ್ಯಾಯದಲ್ಲಿ ಕೊಡದೆ ಹಿಡಿದುಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ.

ಅಷ್ಟು ದಿನ ನಾನು ಅಗಸ್ಟೀನನನ್ನೂ ಬಾನ್‌ಹಾಫರನನ್ನೂ ತೂಗಿ ನೋಡಿದ್ದು ನನ್ನ ಕೈ ಎಷ್ಟು ಕೊಳೆಯಾಗಿದೆ ಎಂದು ತಿಳಿಯಲು. ಮಾಳಿಗೆಯಿಂದ ಬಿದ್ದವರ ಕಡೆ ತಿರುಗಿಯೂ ನೋಡಿರಲಿಲ್ಲ. ಸೂಲಗಿತ್ತಿಯರು ಮಕ್ಕಳನ್ನು ಉಳಿಸಲು ಫರೋಹನಿಗೆ ಸುಳ್ಳು ಹೇಳಿದರು. ನಾನು ಫರೋಹನ ಲೆಕ್ಕದ ಪುಸ್ತಕವನ್ನು ಒಪ್ಪವಾಗಿ ಇಡಲು ಸುಳ್ಳು ಬರೆದೆ. ಇದನ್ನು ನನಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿ ಬಿಟ್ಟರು, ಅಷ್ಟೆ. ಆ ಒಂದು ಪ್ರಶ್ನೆಗಾಗಿ ಕೈಪಿಡಿಯ 212 ಪುಟಗಳನ್ನೂ ಕ್ಷಮಿಸುತ್ತೇನೆ.

ಬಡ್ಡಿಯ ವಾರ ಚೆನ್ನಾಗಿತ್ತು, ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಬೇಡ ಎನ್ನುವ ವಚನಗಳಿಂದ ಹಿಡಿದು, ಬಹಿರಂಗವಾಗಿ ಬಡ್ಡಿ ವ್ಯವಹಾರ ಮಾಡುವವರಿಗೆ ಕ್ರೈಸ್ತ ಸಮಾಧಿಯೂ ಇಲ್ಲವೆಂದ, ರೋಮಿನಲ್ಲಿ ಬಿಷಪ್ಪರು ಸೇರಿದ 1179ರ ಮೂರನೆಯ ಲ್ಯಾಟರನ್ ಮಹಾಸಭೆ, ಬಡವನ ಸಾಲವೇ ಬೇರೆ ವ್ಯಾಪಾರದ ಬಂಡವಾಳವೇ ಬೇರೆ ಎಂದು 1545ರ ಪತ್ರವೊಂದರಲ್ಲಿ ವಾದಿಸಿದ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್, 1745ರಲ್ಲೂ ಹಳೆಯ ನಿಷೇಧವನ್ನೇ ಎತ್ತಿಹಿಡಿದ ಪೋಪ್ 14ನೆಯ ಬೆನೆಡಿಕ್ಟ್ ಎಲ್ಲರೂ ಬಂದು ಹೋದರು. ಬ್ಯಾಂಕಿನಲ್ಲಿ ಠೇವಣಿ ಇಟ್ಟ ನಾವೆಲ್ಲ ತುಸು ಮೈ ಮುದುರಿ ಕೂತಿದ್ದೆವು.

ಗುಲಾಮಗಿರಿಯ ವಾರದಲ್ಲಿ ಎರಡೂ ಕಡೆಯವರ ಕೈಯಲ್ಲಿ ಸತ್ಯವೇದವಿತ್ತು ಎಂಬುದನ್ನು ಮುಚ್ಚಿಡಲಿಲ್ಲ, ಅದು ಮೆಚ್ಚುಗೆಯಾಯಿತು. ಯಜಮಾನರ ಪರ ನಿಂತವರು ನೋಹನ ಶಾಪವನ್ನು ಎತ್ತಿ ತೋರಿಸಿದರು. ಆ ಶಾಪ ಬಿದ್ದದ್ದು ನೋಹನ ಮೊಮ್ಮಗ ಕಾನಾನನ ಮೇಲೆ. ಕಾನಾನನ ತಂದೆ ಹಾಮನ ಸಂತತಿಯೆಲ್ಲವೂ ಕಪ್ಪುಜನ, ಅವರೆಲ್ಲರೂ ಶಾಪಗ್ರಸ್ತರು ಎಂಬುದು ಓದುವವರು ಸೇರಿಸಿಕೊಂಡದ್ದು. ಎದುರು ನಿಂತವರು ಮನುಷ್ಯನನ್ನು ಕದ್ದು ಮಾರುವವನಿಗೆ ಮರಣದಂಡನೆ ವಿಧಿಸುವ ವಿಮೋಚನಕಾಂಡ 21:16ನ್ನೂ, ಒಡೆಯನಿಂದ ತಪ್ಪಿಸಿಕೊಂಡು ಬಂದ ದಾಸನನ್ನು ಹಿಂದಕ್ಕೆ ಒಪ್ಪಿಸಬೇಡ ಎನ್ನುವ ಧರ್ಮೋಪದೇಶಕಾಂಡ 23:15ನ್ನೂ ಹಿಡಿದರು. ಬ್ರಿಟನ್ ಗುಲಾಮರ ವ್ಯಾಪಾರವನ್ನು 1807ರಲ್ಲಿ, ತನ್ನ ವಸಾಹತುಗಳ ಬಹುಪಾಲು ಕಡೆ ಗುಲಾಮಗಿರಿಯನ್ನೇ 1833ರ ಕಾಯಿದೆಯಿಂದ ನಿಲ್ಲಿಸುವವರೆಗೂ ಈ ವಾದ ನಡೆಯಿತು. ಯಾವ ವಚನ ಎಂದು ಕೇಳುವ ಮೊದಲು, ಹೀಗೆ ಓದಿದರೆ ಯಾರಿಗೆ ಲಾಭ ಎಂದು ಕೇಳಿ ಎಂದರು ದಾದಿ ಬೋಧಕಿ. ನನಗೆ ನಮ್ಮ ಖಜಾಂಚಿಗಳ ನೆನಪಾಯಿತು. ಅವರು ಸಭೆಯಲ್ಲಿ ಓದುವುದು ಯಾವಾಗಲೂ, ದಾಸರೇ ನಿಮ್ಮ ಯಜಮಾನರಿಗೆ ವಿಧೇಯರಾಗಿರಿ ಎಂಬ ಭಾಗ. ಎಫೆಸದವರಿಗೆ ಬರೆದ ಆ ಅಧ್ಯಾಯದಲ್ಲಿ ನಾಲ್ಕೇ ವಚನ ದಾಟಿದರೆ ಯಜಮಾನರಿಗೂ ಒಂದು ಮಾತಿದೆ.

ಆಸ್ಪತ್ರೆಯ ವಾರ ಮಾತ್ರ ನಿರಾಶೆ. ಗರ್ಭಪಾತ, ಕೃತಕ ಗರ್ಭಧಾರಣೆ, ಕೊನೆಗಾಲದ ಚಿಕಿತ್ಸೆ ಮೂರನ್ನೂ ನಲವತ್ತು ನಿಮಿಷದ ಒಂದೇ ಚೀಲಕ್ಕೆ ತುರುಕಿದ್ದಾರೆ. 1957ರ ನವೆಂಬರ್‌ನಲ್ಲಿ ಪೋಪ್ 12ನೆಯ ಪಿಯುಸ್ ವೈದ್ಯರ ಎದುರು, ಜೀವ ಉಳಿಸಲು ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ, ಅಸಾಧಾರಣ ಸಾಧನಗಳನ್ನು ಬಳಸಲೇಬೇಕೆಂದಿಲ್ಲ ಎಂದು ಹೇಳಿದ್ದು ಒಂದು ನಿಮಿಷದಲ್ಲಿ ಮುಗಿಯಿತು. ವೆಂಟಿಲೇಟರ್ ತೆಗೆಯುವ ಹೊತ್ತಿಗೆ ಹಾಸಿಗೆಯ ಪಕ್ಕ ನಿಂತಿದ್ದ ಅನುಭವ ಬೋಧಕಿಗಿತ್ತು. ಅವರಿಗೆ ಮಾತನಾಡಲು ಬಿಟ್ಟಿದ್ದರೆ ಸಾಕಿತ್ತು. ವಿಮೋಚನಕಾಂಡ 21:22ರಲ್ಲಿ ಜಗಳದ ನಡುವೆ ಗರ್ಭಿಣಿಗೆ ಪೆಟ್ಟಾದರೆ ಏನು ಎಂಬ ನಿಯಮವನ್ನು ಇಬ್ರಿಯ ಮೂಲ ಒಂದು ಬಗೆಯಾಗಿಯೂ, ಹಳೆಯ ಗ್ರೀಕ್ ಭಾಷಾಂತರ ಭ್ರೂಣ ರೂಪುಗೊಂಡಿತ್ತೋ ಇಲ್ಲವೋ ಎಂದು ಭೇದ ಮಾಡಿಯೂ ಹೇಳುತ್ತವೆ ಎಂದು ಮೇಷ್ಟರು ಹೋಗುವಾಗ ಒಂದು ವಾಕ್ಯದಲ್ಲಿ ಎಸೆದು ಹೋದರು. ಅದರ ಮೇಲೆಯೇ ಒಂದು ವಾರ ಕೊಡಬಹುದಿತ್ತು.

ಇನ್ನು ಜಗಳದ ವಿಷಯ. ಹತ್ತನೆಯ ವಾರ ಮೇಷ್ಟರೂ ಬೋಧಕಿಯೂ ಇರಲಿಲ್ಲ, ಸಂಸ್ಥೆಯ ಕಡೆಯಿಂದ ಬದಲಿ ಬೋಧಕರೊಬ್ಬರು ಬಂದಿದ್ದರು. ಗುಂಪಿನಲ್ಲಿ ಯಾವತ್ತೂ ಕ್ಯಾಮೆರಾ ಹಾಕದ ಒಬ್ಬ ಹೆಂಗಸು ಆ ದಿನ ಮೊದಲ ಸಲ ಮಾತನಾಡಿ, ಗಂಡ ಹೊಡೆಯುತ್ತಾನೆ, ಏನು ಮಾಡಲಿ ಎಂದು ಕೇಳಿದಳು. ಬದಲಿ ಬೋಧಕರು ಮತ್ತಾಯ 18ನ್ನು ತೆರೆದು, ಮೊದಲು ನೀವಿಬ್ಬರೇ ಇರುವಾಗ ಅವನ ತಪ್ಪನ್ನು ತಿಳಿಸಿ ಎಂದು 15ನೆಯ ವಚನ ಓದಿದರು, ಅಲ್ಲಿಂದ ಒಂದೇ ನೆಗೆತಕ್ಕೆ 22ನೆಯ ವಚನಕ್ಕೆ ಹೋಗಿ, ಏಳೆಪ್ಪತ್ತು ಸಾರಿ ಕ್ಷಮಿಸಬೇಕು ಎಂದರು. ಹೊಡೆಯುವವನೊಡನೆ ಒಂಟಿಯಾಗಿ ಕೂತು ಮಾತನಾಡು ಎಂದು! ಅದೇ ಅಧ್ಯಾಯದ 6ನೆಯ ವಚನದಲ್ಲಿ, ಈ ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟಿ ಸಮುದ್ರದ ಆಳದಲ್ಲಿ ಮುಳುಗಿಸಿಬಿಡುವುದೇ ಲೇಸು ಎಂದು ಯೇಸು ಹೇಳಿದ್ದಾನೆ. 16ರಲ್ಲಿ ಸಾಕ್ಷಿಗಳನ್ನು ಕರೆದುಕೊಂಡು ಹೋಗು ಎಂದಿದೆ, 17ರಲ್ಲಿ ಸಭೆಗೆ ಹೇಳು, ಕೇಳದಿದ್ದರೆ ಹೊರಗಿನವನೆಂದು ಎಣಿಸು ಎಂದಿದೆ. ಇವೆಲ್ಲ ಬೋಧಕರ ಕಣ್ಣಿಗೆ ಬೀಳಲಿಲ್ಲ. ಲಾರಿಯವರು ತಡೆಯಲಾಗದೆ, "ಸಾರ್, ಆಕೆ ಮೊದಲು ಆ ಮನೆಯಿಂದ ಹೊರಗೆ ಬರಬೇಕು, ಪೊಲೀಸರಿಗೆ ಹೇಳಬೇಕು, ಕ್ಷಮೆಯ ಮಾತು ಆಮೇಲೆ" ಎಂದರು. ಬೋಧಕರು ಸಮಯವಾಯಿತು ಎಂದು ಪ್ರಾರ್ಥನೆ ಮಾಡಿ ಮುಗಿಸಿದರು. ನಾನು ಸಂಸ್ಥೆಗೆ ಬರೆದೆ. ದಾದಿ ಬೋಧಕಿ ಮರುದಿನವೇ ಆ ಹೆಂಗಸಿಗೆ ಫೋನು ಮಾಡಿದರೆಂದು ತಿಳಿಯಿತು. ಸಂಸ್ಥೆಯಿಂದ ನನಗೆ ಬಂದದ್ದು "ನಿಮ್ಮ ಅನಿಸಿಕೆಗೆ ಧನ್ಯವಾದ" ಎಂಬ ಯಂತ್ರದ ಉತ್ತರ. ಐದು ನಕ್ಷತ್ರದಲ್ಲಿ ಒಂದನ್ನು ಅಲ್ಲಿಯೇ ಕಿತ್ತುಕೊಂಡಿದ್ದೇನೆ. ಉಳಿದ ಅರ್ಧ ಆ ಒಂಬತ್ತು ಪುಟಗಳಿಗೆ ಹೋಯಿತು. ಮೂರೂವರೆ.

ಸಣ್ಣಪುಟ್ಟ ಸಂಗತಿಗಳು: ವಿಡಿಯೊಗಳ ಧ್ವನಿ ಕಡಿಮೆ, ಇಯರ್‌ಫೋನ್ ಬೇಕೇ ಬೇಕು. ಪರೀಕ್ಷೆ ಇಲ್ಲ, ಕೊನೆಗೆ ಎರಡು ಪುಟದ ಬರಹ ಕೊಡಬೇಕು. ಸಿದ್ಧ ಉತ್ತರ ಬೇಕಾದವರು ಸೇರಬೇಡಿ, ಮೇಷ್ಟರ ಮೌನ ಸಹಿಸುವುದು ಕಷ್ಟವಾಗುತ್ತದೆ. ಸೇರುವ ಮೊದಲು ಇಬ್ಬರು ಬೋಧಕರೂ ಹನ್ನೆರಡು ವಾರ ಇರುತ್ತಾರೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ನನ್ನ ಪುಸ್ತಕದ ಕಥೆ ಎಲ್ಲಿಗೆ ಬಂತೆಂದರೆ, ಈ ತಿಂಗಳಿನಿಂದ ಎರಡು ಕಲಂ ಹಾಕಿದ್ದೇನೆ: ಕೊಡಬೇಕಾದ ದಿನ, ಕೊಟ್ಟ ದಿನ. ಹಿಂದಿನ ಮೂರು ತಿಂಗಳ ಪುಟಗಳ ಅಂಚಿನಲ್ಲಿ ನಿಜವಾದ ತಾರೀಖು ಬರೆದು ಪಕ್ಕದಲ್ಲಿ ನನ್ನ ಸಹಿ ಮಾಡಿದ್ದೇನೆ. ಹೊಲಿಗೆ ಯಂತ್ರದ ವಿಷಯವನ್ನೂ ಮಾಲೀಕರಿಗೆ ಹೇಳಿದೆ. ಅವರು ಪುಸ್ತಕವನ್ನು ತೆಗೆದುಕೊಂಡು ಹೋಗಿ ನಾಲ್ಕು ದಿನವಾಯಿತು, ಇನ್ನೂ ಹಿಂದಕ್ಕೆ ಬಂದಿಲ್ಲ.

ಕೋರ್ಸಿನ ಪ್ರಮಾಣಪತ್ರ ಮಾತ್ರ ಬಂದಿದೆ. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಹೆಸರಿನಲ್ಲಿ ತಪ್ಪಿಲ್ಲ. ಕೋರ್ಸು ಮುಗಿದ ದಿನ ಎಂದು ಬರೆದಿರುವ ತಾರೀಖು ನಮ್ಮ ಕೊನೆಯ ತರಗತಿಗಿಂತ ಎಂಟು ದಿನ ಹಿಂದಿನದು. ಸರಿಪಡಿಸಿ ಕಳುಹಿಸಿ ಎಂದು ಬರೆದಿದ್ದೇನೆ.